ಮರಳುಗಾಡಿನ ಆರ್.ವಿ. ಪಾರ್ಕಿನಲ್ಲಿ ಒಂದು ನಿಧಾನದ ದಿನ: ಅಕ್ಕ-ಭಾವನಿಗೆ ಬರೆದುಕೊಟ್ಟದ್ದು

ಕುಮಟಾದ ಅಕ್ಕ-ಭಾವ ಬರುವ ಜನವರಿಯಲ್ಲಿ ಅಮೆರಿಕದ ಮಗಳ ಮನೆಗೆ ಹೊರಟಿದ್ದಾರೆ. ಅಳಿಯ ಆರ್.ವಿ. ಬಾಡಿಗೆಗೆ ಹಿಡಿದು ಅರಿಜೋನಾದ ಮರಳುಗಾಡು ತೋರಿಸುತ್ತಾನಂತೆ. "ನೀ ಹೋಗಿ ಬಂದವಳು, ಎಂತೆಂತ ಮಾಡವು ಹೇಳಿ ಬರ್ದು ಕೊಡೆ" ಎಂದು ಅಕ್ಕ ಮೂರು ಸಲ ಫೋನ್ ಮಾಡಿದಳು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳ ಹಿರಿಯರು ಈಗ ಹೀಗೇ ಮಕ್ಕಳ ಮನೆಗೆ ಹೋಗಿಬರುವವರು. ಅವರಿಗೂ ಆಗಲಿ ಎಂದು ಬಿಡಿಸಿ ಬರೆಯುತ್ತಿದ್ದೇನೆ.

ಆರ್.ವಿ. ಅಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು, ಪಾಯಖಾನೆ ಎಲ್ಲ ಇರುವ ಬಸ್ಸು. ನಮ್ಮದು 25 ಅಡಿ ಉದ್ದದ್ದಿತ್ತು. ಡ್ರೈವರ್ ಸೀಟಿನ ಮೇಲೆ ಹಳೇ ಮನೆಯ ಮೆತ್ತಿಯ ಹಾಗೆ ಒಂದು ಹಾಸಿಗೆ. ಮೊಮ್ಮಗ ಅದನ್ನು ಬಿಟ್ಟು ಕೆಳಗಿಳಿಯಲೇ ಇಲ್ಲ. ಇಂಥ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದಕ್ಕೂ ನೀರು, ಕರೆಂಟು, ಚರಂಡಿ ಕೊಡುವ ಜಾಗವೇ ಆರ್.ವಿ. ಪಾರ್ಕು. ನಾವು ಉಳಿದದ್ದು ಕ್ವಾರ್ಟ್‌ಸೈಟ್ ಎಂಬ ಊರಿನಲ್ಲಿ. ಮಗ ಇರುವ ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್, ಅಂದರೆ ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ವಾಪಸು ಬಂದಷ್ಟು.

ಮೊದಲ ಮಾತು, ಮಕ್ಕಳಿಗೆ ಈಗಲೇ ಹೇಳಿಡಿ: ಪ್ರವಾಸದಲ್ಲಿ ಒಂದು ಪೂರ್ತಿ ದಿನ ಗಾಡಿ ಸ್ಟಾರ್ಟ್ ಮಾಡಕೂಡದು. ಅವರಿಗೆ ರಜೆ ಕಡಿಮೆ, ಹಾಗಾಗಿ ನಾಲ್ಕು ದಿನದಲ್ಲಿ ಎಂಟು ಜಾಗ ತೋರಿಸುವ ಆಸೆ. ನಮಗೆ ಸೊಂಟ ನೋವು ಬಿಟ್ಟರೆ ಬೇರೆ ನೆನಪು ಉಳಿಯುವುದಿಲ್ಲ. ನನಗೆ ಆ ಮರಳುಗಾಡು ಕಂಡದ್ದು ನಿಂತ ದಿನವೇ.

ತಿಂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಬೇಸಿಗೆಯಲ್ಲಿ ಅಲ್ಲಿ 45 ಡಿಗ್ರಿ ದಾಟುತ್ತದೆ. ಜನವರಿಯಲ್ಲಿ ಹಗಲು 20ರ ಆಸುಪಾಸು, ರಾತ್ರಿ 5ಕ್ಕೆ ಇಳಿಯುವುದೂ ಉಂಟು, ಸ್ವೆಟರ್, ಕಾಲುಚೀಲ ಬೇಕೇ ಬೇಕು. ಬೇಸಿಗೆಯಲ್ಲಿ ಎರಡು-ಮೂರು ಸಾವಿರ ಜನರ ಊರು ಅದು. ಚಳಿ ಶುರುವಾದರೆ ಕೆನಡಾದಿಂದ, ಉತ್ತರದ ಹಿಮದ ರಾಜ್ಯಗಳಿಂದ ನಿವೃತ್ತರು ಗಾಡಿ ಕಟ್ಟಿಕೊಂಡು ಬಂದು ತುಂಬುತ್ತಾರೆ. ಮುಂಡಗೋಡಿನ ಅತ್ತಿವೇರಿಗೆ ಹಕ್ಕಿಗಳು ಬಂದಿಳಿಯುವ ಹಾಗೆ. ಅವರನ್ನು ಅಲ್ಲಿ ಕರೆಯುವುದೂ ಸ್ನೋಬರ್ಡ್ ಅಂತಲೇ. ಊರ ದಕ್ಷಿಣಕ್ಕೆ ಲಾ ಪೋಸಾ ಎಂಬ ಸರ್ಕಾರಿ ಬಯಲಿದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರ್ಮಿಟ್ ಪಡೆದು ತಿಂಗಳುಗಟ್ಟಲೆ ಅಲ್ಲಿರಬಹುದು. ಆದರೆ ಪ್ರತಿ ಗಾಡಿಗೆ ನಲ್ಲಿ, ಕರೆಂಟು ಇರುವುದಿಲ್ಲ. ಮೊದಲ ಸಲ ಹೋಗುವವರು ಮೂರೂ ಸೌಕರ್ಯ ಇರುವ ಪಾರ್ಕನ್ನೇ ಹಿಡಿಯಿರಿ.

ಗಾಡಿ ನಿಲ್ಲಿಸುವ ಕೆಲಸ ಅಳಿಯನದು, ಆದರೂ ನೀವು ಪಕ್ಕದಲ್ಲಿ ನಿಂತು ನೋಡಿ. ಮೊದಲು ಚಕ್ರದಡಿ ಪ್ಲಾಸ್ಟಿಕ್ ಹಲಗೆ ಕೊಟ್ಟು ಗಾಡಿ ಮಟ್ಟ ಮಾಡಬೇಕು, ಇಲ್ಲದಿದ್ದರೆ ರಾತ್ರಿಯಿಡೀ ತಲೆ ಕೆಳಗಾಗಿ ಮಲಗಿದಂತಾಗುತ್ತದೆ. ಕರೆಂಟಿನ ಕಂಬದ ಸ್ವಿಚ್ ಆರಿಸಿ, ಪ್ಲಗ್ ಚುಚ್ಚಿ, ಆಮೇಲೆ ಹಾಕಬೇಕು. ನಮಗೆ ಸಿಕ್ಕಿದ್ದು 30 ಆಂಪಿಯರ್ ಸಂಪರ್ಕ. ಅಲ್ಲಿಯ ಕರೆಂಟು 120 ವೋಲ್ಟ್, ಹಾಗಾಗಿ ಒಟ್ಟು 3,600 ವ್ಯಾಟ್ ಅಷ್ಟೇ. ಏಸಿ, ಮೈಕ್ರೋವೇವ್, ನೀರು ಕಾಯಿಸುವ ಕೆಟಲ್ ಮೂರೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ. ಅಕ್ಕಾ, ನಿನ್ನ ಮಿಕ್ಸಿ ಒಯ್ಯಬೇಡ, ನಮ್ಮ 230 ವೋಲ್ಟಿನದು ಅಲ್ಲಿ ನೆಟ್ಟಗೆ ತಿರುಗುವುದಿಲ್ಲ. ಚಟ್ನಿಪುಡಿ ಒಯ್ದರೆ ಸಾಕು.

ಇನ್ನು ನೀರು. ಇದನ್ನು ಮಾತ್ರ ನಿಧಾನವಾಗಿ ಓದಿ. ನಾವು ಅಬ್ಬಿ ನೀರಿನ ಜನ. ಗುಡ್ಡದಿಂದ ದಂಬೆಯಲ್ಲಿ ಬಂದು ಅಂಗಳದಲ್ಲಿ ಹಗಲೂ ರಾತ್ರಿ ಬೀಳುತ್ತಿದ್ದ ನೀರಿನ ಸದ್ದಿನಲ್ಲಿ ಬೆಳೆದವರು. ವರ್ಷಕ್ಕೆ 2,000 ಮಿಲಿಮೀಟರ್ ದಾಟಿ ಮಳೆ ಬೀಳುವ ಶಿರಸಿಯವರು. ಕ್ವಾರ್ಟ್‌ಸೈಟ್‌ನಲ್ಲಿ ವರ್ಷವಿಡೀ ಬೀಳುವುದು ಸುಮಾರು 100 ಮಿಲಿಮೀಟರ್. ಜುಲೈಯಲ್ಲಿ ನಮ್ಮಲ್ಲಿ ಒಂದೇ ದಿನಕ್ಕೆ ಸುರಿದು ಹೋಗುವಷ್ಟು!

ಗಾಡಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕು. ಒಂದು ಒಳ್ಳೆ ನೀರಿನದು. ಎರಡನೆಯದು ಬಚ್ಚಲು, ಸಿಂಕಿನ ನೀರಿಗೆ. ಅದಕ್ಕೆ ಬೂದು ಟ್ಯಾಂಕು ಅನ್ನುತ್ತಾರೆ. ಮೂರನೆಯದು ಪಾಯಖಾನೆಯದು, ಕಪ್ಪು ಟ್ಯಾಂಕು. ಚರಂಡಿಗೆ ಪೈಪು ಜೋಡಿಸಿದ್ದರೂ ಕಪ್ಪು ಟ್ಯಾಂಕಿನ ವಾಲ್ವು ತೆರೆದಿಡಬಾರದು. ತೆರೆದಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿ ಅಂಶ ತಳದಲ್ಲಿ ಒಣಗಿ ಕೂರುತ್ತದೆ. ಮುಕ್ಕಾಲು ತುಂಬುವತನಕ ಕಾದು, ಮೊದಲು ಕಪ್ಪು ಬಿಡಬೇಕು, ಅದರ ಹಿಂದೆ ಬೂದು. ಆ ಸಾಬೂನು ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಹಾಕಿಯೇ ಮಾಡಬೇಕು. ಕುಡಿಯುವ ನೀರಿನ ಪೈಪೇ ಬೇರೆ, ಎರಡನ್ನೂ ಒಂದೇ ಕಡೆ ಸುತ್ತಿಡಬಾರದು.

ಬಿಸಿನೀರಿನ ಹಂಡೆ ನಮ್ಮ ಗಾಡಿಯಲ್ಲಿದ್ದದ್ದು 6 ಗ್ಯಾಲನ್‌ನದು, ಅಂದರೆ 23 ಲೀಟರ್. ಮೈ ಒದ್ದೆ ಮಾಡಿ ನಲ್ಲಿ ನಿಲ್ಲಿಸಿ, ಸಾಬೂನು ಹಚ್ಚಿ, ಮತ್ತೆ ಬಿಟ್ಟು ತೊಳೆದುಕೊಳ್ಳುವುದು. ಇಲ್ಲದಿದ್ದರೆ ಎರಡನೆಯವರಿಗೆ ತಣ್ಣೀರು. ಪಾರ್ಕಿನವರದೇ ಸ್ನಾನದ ಕೋಣೆ ಇದ್ದರೆ ಅಲ್ಲಿಗೇ ಹೋಗಿ, ಹಾಯಾಗುತ್ತದೆ.

ನಾನು ಮಾಡಿದ ಒಂದು ತಪ್ಪು ನೀವು ಮಾಡಬೇಡಿ. ಮನೆಯಲ್ಲಿ ಬಚ್ಚಲ ನೀರು ಬಾಳೆ ಬುಡಕ್ಕೆ, ಅಕ್ಕಿ ತೊಳೆದ ನೀರು ಕರಿಬೇವಿಗೆ. ಆ ರೂಢಿಯಲ್ಲೇ ಪಾತ್ರೆ ತೊಳೆದ ನೀರನ್ನು ಗಾಡಿ ಪಕ್ಕದ ಗಿಡಕ್ಕೆ ಚೆಲ್ಲಿದೆ, ಒಣಗಿದ ಗಿಡ ನೋಡಿ ಪಾಪ ಅನ್ನಿಸಿತ್ತು. ಪಕ್ಕದ ಗಾಡಿಯ ಅಜ್ಜಿ ಬಂದು ನಯವಾಗಿಯೇ ಹೇಳಿದರು: ಇಲ್ಲಿ ನೆಲಕ್ಕೆ ಬಳಸಿದ ನೀರು ಚೆಲ್ಲುವಂತಿಲ್ಲ, ಇರುವೆ ಮತ್ತು ಇಲಿ ಬರುತ್ತವೆ, ಆ ಗಿಡಕ್ಕೆ ನೀರು ಬೇಕಾಗಿಯೂ ಇಲ್ಲ. ಒಣಗಿದಂತೆ ಕಂಡದ್ದು ಬದುಕಿಯೇ ಇತ್ತು. ಭಾವನಿಗೂ ಒಂದು ಮಾತು: ಕವಳ (ಎಲೆಯಡಿಕೆ) ಹಾಕಿದರೆ ಉಗುಳುವುದು ಸಿಂಕಿಗೆ, ಅಂಗಳಕ್ಕಲ್ಲ.

ಬೆಳಗ್ಗೆ ಏಳೂವರೆಗೆ ಸೂರ್ಯ ಹುಟ್ಟುತ್ತದೆ. ಅದಕ್ಕೂ ಸ್ವಲ್ಪ ಮೊದಲೇ ಎದ್ದು, ಕಷಾಯ ಮಾಡಿ, ಲೋಟ ಹಿಡಿದು ಹೊರಗೆ ಕುರ್ಚಿಯಲ್ಲಿ ಕುಳಿತುಕೊಳ್ಳಿ. ಮರವಿಲ್ಲದ್ದರಿಂದ ಬೆಳಕು ಸೋಸಿ ಬರುವುದಿಲ್ಲ. ಮೊದಲು ದೂರದ ಬೋಳು ಗುಡ್ಡದ ತುದಿ ಕೆಂಪಾಗುತ್ತದೆ, ಆ ಕೆಂಪು ಕೆಳಗಿಳಿಯುತ್ತ ನಿಮ್ಮ ಕಾಲಿನವರೆಗೆ ಬರುತ್ತದೆ. ತಲೆಯ ಮೇಲೆ ಜುಟ್ಟು ಬಾಗಿಸಿಕೊಂಡ ಗ್ಯಾಂಬೆಲ್ ಕ್ವೇಲ್ ಹಕ್ಕಿಗಳು ಆಗಲೇ ಸಾಲುಸಾಲಾಗಿ ಓಡಾಡುತ್ತವೆ. ಎದ್ದು ಕ್ಯಾಮೆರಾ ಹುಡುಕಿದರೆ ಹೋದವೇ. ಕೂತಲ್ಲೇ ಕೂತಿರಿ.

ಆಮೇಲೆ ಪಾರ್ಕಿಗೊಂದು ಸುತ್ತು. ಗಾಡಿ-ಗಾಡಿಗಳ ನಡುವಿನ ಜಾಗ ಖಾಲಿ ಕಂಡರೂ ಅದು ಅವರವರ ಅಂಗಳ. ಬೇಲಿ, ದಣಪೆ ಇಲ್ಲ ಎಂದು ಅಡ್ಡ ದಾಟಬೇಡಿ, ರಸ್ತೆಯಲ್ಲೇ ನಡೆಯಿರಿ. ಯಾರೇ ಎದುರಾದರೂ ಕೈ ಎತ್ತಿ ನಮಸ್ಕಾರ ಅನ್ನಿ. ನನ್ನವರಿಗೆ ಇಂಗ್ಲಿಷ್ ಮಾತು ಕಡಿಮೆ, ಆದರೆ ಎರಡನೇ ಸುತ್ತಿಗೇ ಒಬ್ಬರು ತಮ್ಮ ಗಾಡಿಯ ಸೋಲಾರ್ ಫಲಕ ತೋರಿಸಲು ಕರೆದರು. ತೋಟಕ್ಕೆ ಸೋಲಾರ್ ಪಂಪು ಹಾಕಿಸಿದವರಲ್ಲವೇ, ಇಬ್ಬರೂ ಕೈಸನ್ನೆಯಲ್ಲೇ ಅರ್ಧ ತಾಸು ಮಾತಾಡಿದರು. ಪಾರ್ಕಿನ ಸಭಾಗೃಹಕ್ಕೂ ಹೋಗಿ. ಯಾರೋ ಓದಿ ಬಿಟ್ಟ ಪುಸ್ತಕಗಳಿರುತ್ತವೆ, ಮೇಜಿನ ಮೇಲೆ ಅರ್ಧ ಜೋಡಿಸಿದ ಚಿತ್ರದ ಚೂರುಗಳಿರುತ್ತವೆ. ಹೋದವರು ನಾಲ್ಕು ಚೂರು ಕೂಡಿಸಿ ಬರುವುದು ಪದ್ಧತಿ. ಬಟ್ಟೆ ತೊಳೆಯುವ ಯಂತ್ರಕ್ಕೆ ಕ್ವಾರ್ಟರ್, ಅಂದರೆ ಕಾಲು ಡಾಲರಿನ ನಾಣ್ಯ ಕೂಡಿಟ್ಟುಕೊಳ್ಳಿ. ಒಣಗಿಸಲು ಖರ್ಚು ಬೇಡ, ಕುರ್ಚಿಯ ಬೆನ್ನಿಗೆ ಹಾಕಿದ ನನ್ನ ಕಾಟನ್ ಸೀರೆ ಮುಕ್ಕಾಲು ತಾಸಿನಲ್ಲಿ ಗರಿಗರಿಯಾಗಿತ್ತು. ಆಷಾಢದಲ್ಲಿ ಒಲೆಯ ಮೇಲೆ ಬಟ್ಟೆ ಒಣಗಿಸುವ ನಮಗೆ ಅದೇ ಒಂದು ನೋಟ. ಹಗ್ಗ ಕಟ್ಟುವ ಮೊದಲು ಪಾರ್ಕಿನವರನ್ನು ಕೇಳಿ, ಕೆಲವೆಡೆ ಬಿಡುವುದಿಲ್ಲ.

ಆ ಒಣ ಗಾಳಿ ಮೈಯನ್ನೂ ಬಿಡುವುದಿಲ್ಲ. ಬೆವರು ಬಂದದ್ದೇ ಗೊತ್ತಾಗದೆ ಆರಿಹೋಗುತ್ತದೆ, ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ. ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು ಲೆಕ್ಕ ಹಿಡಿಯಿರಿ. ಬೆಲ್ಲ ಮತ್ತು ಮುರುಗಲಿನ ಸಿಪ್ಪೆ ಒಯ್ದಿದ್ದೆವು, ಗಂಟೆಗೊಮ್ಮೆ ಒಂದು ಲೋಟ ಪಾನಕ. ತುಟಿ, ಹಿಮ್ಮಡಿ, ಮೂಗಿನ ಹೊಳ್ಳೆಗೆ ಕೊಬ್ಬರಿ ಎಣ್ಣೆ ಹಚ್ಚಿ. ಮೊದಲ ದಿನ ಹಚ್ಚದೆ ನನ್ನವರಿಗೆ ಮೂಗಿನಲ್ಲಿ ರಕ್ತ ಬಂದಿತ್ತು.

ಹತ್ತು ಗಂಟೆಗೆ ಪಾರ್ಕಿನ ಹಿಂದಿನ ಬಯಲಿಗೆ ನಡೆಯಿರಿ. ಮರಳುಗಾಡು ಅಂದರೆ ಕಾರವಾರದ ಕಡಲತೀರದ ಹಾಗೆ ಮರಳೇ ಮರಳು ಅಂದುಕೊಂಡಿದ್ದೆ. ಅಲ್ಲಿ ಕಾಲಡಿ ಸಿಗುವುದು ಜಲ್ಲಿ, ಕಪ್ಪಗೆ ಎಣ್ಣೆ ಹಚ್ಚಿದಂತೆ ಹೊಳೆಯುವ ಕಲ್ಲು. ಮಾರುದ್ದಕ್ಕೊಂದು ಕ್ರಿಯೋಸೋಟ್ ಪೊದೆ. ಅದರ ಒಂದು ಟೊಂಗೆಯನ್ನು ಮುರಿಯದೆ ಎರಡೂ ಅಂಗೈಯಲ್ಲಿ ಮುಚ್ಚಿ, ಬಾಯಿಂದ ಬಿಸಿ ಉಸಿರು ಬಿಟ್ಟು, ಮೂಸಿ ನೋಡಿ. ಆ ತೇವಕ್ಕೇ ಎಲೆಯ ಅಂಟು ಕರಗಿ ಮರಳುಗಾಡಿನ ಮಳೆಯ ವಾಸನೆ ಬರುತ್ತದೆ. ನಮ್ಮ ರೋಹಿಣಿ ಮಳೆಯ ಮಣ್ಣಿನ ವಾಸನೆಯಲ್ಲ, ಸ್ವಲ್ಪ ಡಾಂಬರು ಬೆರೆತಂತೆ, ಆದರೂ ಮಳೆಯೇ. ಆ ದಿನದಲ್ಲಿ ನನಗೆ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿದ್ದು ಅದು.

ಎತ್ತರದ ಕಳ್ಳಿ ಸಗುವಾರೋ, ಅಲ್ಲಿಯವರ ಬಾಯಲ್ಲಿ ಸವಾರೋ. ಮೈಮೇಲಿನ ನೆರಿಗೆ ಹಾರ್ಮೋನಿಯಂ ತಿದಿಯ ಹಾಗೆ, ಮಳೆ ಬಂದಾಗ ನೀರು ಕುಡಿದು ಉಬ್ಬುತ್ತದೆ, ಬರಗಾಲದಲ್ಲಿ ಮಡಚಿಕೊಳ್ಳುತ್ತದೆ. ಮೊದಲ ತೋಳು ಮೂಡಲು 50ರಿಂದ 75 ವರ್ಷ ಬೇಕು. ತೋಳಿರುವ ಗಿಡ ಕಂಡರೆ ನಿಮಗಿಂತ ಹಿರಿಯದೆಂದು ತಿಳಿಯಿರಿ. ಕಡಿದರೆ ಅರಿಜೋನಾದಲ್ಲಿ ಶಿಕ್ಷೆಯಿದೆ. ಚೋಯಾ ಎಂಬ ಗಿಡ್ಡ ಕಳ್ಳಿಯಿಂದ ಮಾತ್ರ ದೂರವಿರಿ. ಸ್ವಲ್ಪ ತಾಗಿದರೂ ಗೆಣ್ಣೇ ಕಳಚಿ ಬಟ್ಟೆಗೆ ಕಚ್ಚುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ. ಜೇಬಿನಲ್ಲೊಂದು ಬಾಚಣಿಗೆ ಇರಲಿ, ಅದನ್ನು ಅಡಿಗೆ ತೂರಿಸಿ ಚಿಮ್ಮಿದರೆ ಹೋಗುತ್ತದೆ. ಸೀರೆಗಿಂತ ಚೂಡಿದಾರ, ಚಪ್ಪಲಿಗಿಂತ ಬೂಟು. ಕಲ್ಲಿನ ಸಂದಿಗೆ ಕೈ ಹಾಕಬೇಡಿ.

ಮಧ್ಯಾಹ್ನದ ಅಡುಗೆ ಹೊರಗಿನ ಒಲೆಯಲ್ಲೇ ಆಗಲಿ. ಗಾಡಿಯೊಳಗೆ ಸಾಸಿವೆ-ಮೆಣಸಿನ ಒಗ್ಗರಣೆ ಹಾಕಿದೊಡನೆ ಹೊಗೆಯ ಅಲಾರಾಂ ಕೂಗಿಕೊಂಡು ಮಗು ಹೆದರಿ ಅತ್ತಿತು. ಅನ್ನ, ತಂಬುಳಿ, ಅಪ್ಪೆಮಿಡಿ ಸಾಕು. ಹಲಸಿನ ಹಪ್ಪಳ ಸುಟ್ಟು ಪಕ್ಕದ ಅಜ್ಜಿಗೆ ಕೊಟ್ಟೆವು, ಅವರು ಕುರ್ಚಿ ಎತ್ತಿಕೊಂಡೇ ಬಂದು ಕೂತರು. ಬಂದವರಿಗೆ ಆಸ್ರಿಗೆ (ಕುಡಿಯಲು) ಕೊಡಲು ಬೆಲ್ಲ ಜಾಸ್ತಿಯೇ ಒಯ್ಯಿರಿ. ಊಟವಾದ ಮೇಲೆ ನೆರಳಿನ ಕ್ಯಾನ್ವಾಸ್ ಅಡಿ ಒಂದು ನಿದ್ದೆ. ಗಾಳಿ ಎದ್ದರೆ ಆ ಕ್ಯಾನ್ವಾಸನ್ನು ತಕ್ಷಣ ಸುತ್ತಿಡಿ, ಕಿತ್ತುಹೋದರೆ ದಂಡ ದೊಡ್ಡದು.

ಸಂಜೆ ಮನಸ್ಸಾದರೆ ಊರ ಸ್ಮಶಾನದವರೆಗೆ ಹೋಗಿ. ಅಲ್ಲಿ ಕಲ್ಲಿನ ಪಿರಮಿಡ್ ಆಕಾರದ ಸಮಾಧಿ, ಮೇಲೊಂದು ಲೋಹದ ಒಂಟೆ. 1856ರಲ್ಲಿ ಅಮೆರಿಕದ ಸೈನ್ಯ ಮರಳುಗಾಡಿನಲ್ಲಿ ಸಾಮಾನು ಹೊರಲೆಂದು ಒಂಟೆ ತರಿಸಿದಾಗ ಅವುಗಳ ಜೊತೆ ಬಂದ ಹಾಜಿ ಅಲಿ ಎಂಬವನದು. ಹೆಸರು ಬಾಯಿಗೆ ಬಾರದೆ ಜನ ಹಾಯ್ ಜಾಲಿ ಮಾಡಿದರು. ಒಂಟೆಯ ಯೋಜನೆ ನಿಂತುಹೋಯಿತು, ಅವನು ಅಲ್ಲೇ ಉಳಿದು 1902ರಲ್ಲಿ ತೀರಿಕೊಂಡ. ಕಡಲಾಚೆಯಿಂದ ಬಂದು ಈ ಒಣ ನೆಲದಲ್ಲಿ ಮಲಗಿದವನ ಮುಂದೆ, ಮಗ ಇಲ್ಲೇ ಉಳಿಯುತ್ತಾನೋ ಏನೋ ಎಂದು ನನಗೆ ಬಹಳ ಹೊತ್ತು ಅನ್ನಿಸಿತು. ಅವನಿಗೆ ಹೇಳಲಿಲ್ಲ.

ಆರು ದಾಟುತ್ತಲೇ ಕತ್ತಲು. ಹತ್ತರ ಮೇಲೆ ಗಲಾಟೆ ಮಾಡುವಂತಿಲ್ಲ, ಅಷ್ಟರೊಳಗೆ ದೀಪ ಆರಿಸಿ ಹೊರಗೆ ಬನ್ನಿ. ಧ್ರುವ ನಕ್ಷತ್ರ ನೋಡಿ. ಶಿರಸಿಯಲ್ಲಿ ದಿಗಂತದಿಂದ 15 ಡಿಗ್ರಿ ಮಾತ್ರ ಮೇಲಿದ್ದು ಅಡಿಕೆ ಮರದ ಹಿಂದೆ ಮರೆಯಾಗಿರುವುದು, ಅಲ್ಲಿ 34 ಡಿಗ್ರಿ ಎತ್ತರದಲ್ಲಿ ನೇರ ಕಾಣುತ್ತದೆ. ದೂರದಲ್ಲಿ ಕಯೋಟಿಗಳು ಕೂಗುತ್ತವೆ, ನಮ್ಮ ನರಿಗಳ ಹಾಗೇ, ಹೆದರಬೇಡಿ. ಅತಿನೇರಳೆ (ಯು.ವಿ.) ಬೆಳಕಿನ ಟಾರ್ಚು ಸಿಕ್ಕರೆ ಒಯ್ಯಿರಿ. ಆ ಬೆಳಕು ಬಿದ್ದರೆ ಚೇಳು ಹಸಿರು-ನೀಲಿಯಾಗಿ ಹೊಳೆಯುತ್ತದೆ. ಚಳಿಯಲ್ಲಿ ಅವು ಹೊರಬರುವುದು ಕಡಿಮೆ. ಆದರೂ ಬೂಟನ್ನು ಹೊರಗೆ ಬಿಡದೆ ಒಳಗಿಟ್ಟು, ಬೆಳಗ್ಗೆ ಕೊಡವಿ ಹಾಕಿಕೊಳ್ಳಿ.

ಮಲಗುವ ಮೊದಲು ನನಗೊಂದು ಫೋನ್ ಮಾಡು ಅಕ್ಕಾ. ಅರಿಜೋನಾ ನಮಗಿಂತ ಹನ್ನೆರಡೂವರೆ ತಾಸು ಹಿಂದೆ. ನಿನಗೆ ರಾತ್ರಿ ಒಂಬತ್ತು ಆದಾಗ ನನಗೆ ಬೆಳಗಿನ ಒಂಬತ್ತೂವರೆ, ದೋಸೆ ಮುಗಿಸಿ ಜಗಲಿಯಲ್ಲೇ ಇರುತ್ತೇನೆ. ಕ್ರಿಯೋಸೋಟ್ ಮೂಸಿದೆಯೋ ಇಲ್ಲವೋ, ಮೊದಲು ಅದನ್ನೇ ಕೇಳುತ್ತೇನೆ.