ಒಂದು ಸೆಕೆಂಡಿನಿಂದ ಎರಡು ಗಂಟೆಯವರೆಗೆ: ಮಹಾವ್ಯಾಧನ ನಿಹಾರಿಕೆಯನ್ನು ನಾನು ಹಿಡಿದ ಬಗೆ

ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರಗಳನ್ನು ಗುರುತಿಸದವರು ಕಡಿಮೆ. ಆ ಪಟ್ಟಿಗೆ ಅಂಟಿಕೊಂಡಂತಿರುವ ಕತ್ತಿಯಲ್ಲಿ ನಡುವಿನ ಚುಕ್ಕೆ ಮಾತ್ರ ಬೇರೆ ಥರ. ಎಷ್ಟು ದಿಟ್ಟಿಸಿದರೂ ಅದು ಚೂಪಾಗುವುದಿಲ್ಲ, ಉಸಿರು ತಾಗಿದ ಗಾಜಿನ ಆಚೆ ಇದ್ದ ಹಾಗೆ ಮಸುಕಾಗಿಯೇ ಉಳಿಯುತ್ತದೆ. ಅದೇ ಎಂ42. ಸುಮಾರು 1,340 ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ರಾಶಿ. ಅದರ ಚಿತ್ರ ತೆಗೆಯಬೇಕೆಂದು ಹೊರಟಾಗ ನನ್ನ ಬಳಿ ಇದ್ದದ್ದು ಒಂದು ಹಳೆಯ ಡಿಎಸ್‌ಎಲ್‌ಆರ್, 135 ಮಿ.ಮೀ. ಲೆನ್ಸ್, ಒಂದು ಟ್ರೈಪಾಡ್. ದೂರದರ್ಶಕ ಇರಲಿಲ್ಲ. ಈಗಲೂ ಎಂ42ಕ್ಕೆ ಅದೇ ಲೆನ್ಸು.

500ನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ (ನನ್ನದಕ್ಕೆ 135) ಭಾಗಿಸಿ, ಬಂದಷ್ಟು ಸೆಕೆಂಡು ಶಟರ್ ತೆರೆದಿಡಿ ಎನ್ನುವ ಲೆಕ್ಕವನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಾರೆ. ನನ್ನ ಕ್ಯಾಮೆರಾದ ಚಿಕ್ಕ ಅಳತೆಯ (ಕ್ರಾಪ್) ಸೆನ್ಸರಿಗೆ ಹೊಂದಿಸಿದರೆ ಎರಡೂವರೆ ಸೆಕೆಂಡು ಬಂತು. ಹಾಗೆಯೇ ತೆಗೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದೊಂದು ನಕ್ಷತ್ರವೂ ಒಂದು ಗೀಟು. ಆಮೇಲೆ ಕೂತು ಲೆಕ್ಕ ಹಾಕಿದೆ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ನನ್ನ ಲೆನ್ಸು ಮತ್ತು ಸೆನ್ಸರ್ ಸೇರಿದರೆ ಒಂದು ಪಿಕ್ಸೆಲ್ಲಿಗೆ ಸಿಗುವುದು ಸುಮಾರು 6 ಆರ್ಕ್‌ಸೆಕೆಂಡ್. ಅಂದರೆ ಎರಡೂವರೆ ಸೆಕೆಂಡಿನಲ್ಲಿ ನಕ್ಷತ್ರ ಆರು ಪಿಕ್ಸೆಲ್ ದಾಟಿರುತ್ತದೆ. ಇಂದಿನ ಸೆನ್ಸರುಗಳ ಸಣ್ಣ ಪಿಕ್ಸೆಲ್ಲಿಗೆ ಆ 500ರ ಲೆಕ್ಕ ಹೊಂದುವುದಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಒಂದೇ ಸೆಕೆಂಡಿಗೆ ಇಳಿಸಿದೆ. ಐಎಸ್‌ಒ 1600, ಅಪರ್ಚರ್ ಎಫ್/2.8, ಒಟ್ಟು 600 ಚಿತ್ರ. ಆಕಾಶ ಸರಿಯುತ್ತಿರುವುದರಿಂದ ಐದು ನಿಮಿಷಕ್ಕೊಮ್ಮೆ ಟ್ರೈಪಾಡಿನ ತಲೆಯನ್ನು ಚೂರು ತಿರುಗಿಸಿ ನಿಹಾರಿಕೆಯನ್ನು ಮತ್ತೆ ನಡುವಿಗೆ ತರಬೇಕಿತ್ತು. ಬಿಡಿ ಚಿತ್ರ ನೋಡಿದರೆ ಕಪ್ಪು ಹಿನ್ನೆಲೆ, ಒಂದು ಬೂದು ಕಲೆ, ಅಷ್ಟೇ. ಆದರೆ ಡೀಪ್‌ಸ್ಕೈಸ್ಟ್ಯಾಕರ್ ಎಂಬ ತಂತ್ರಾಂಶದಲ್ಲಿ ಆ ಆರುನೂರನ್ನೂ ನಕ್ಷತ್ರಕ್ಕೆ ನಕ್ಷತ್ರ ಕೂಡಿಸಿ ಒಂದಾಗಿಸಿದಾಗ ಆ ಬೂದು ಕಲೆಗೆ ರೆಕ್ಕೆಗಳು ಬಂದವು. ನಿಹಾರಿಕೆಯ ಬೆಳಕು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಇರುತ್ತದೆ, ನಾಯ್ಸ್, ಅಂದರೆ ಚಿತ್ರದಲ್ಲಿ ಸೇರಿಕೊಳ್ಳುವ ಕಾಳುಕಾಳು ಚುಕ್ಕೆಗಳು, ಮಾತ್ರ ಸಲಕ್ಕೊಂದು ಥರ. ಸರಾಸರಿ ತೆಗೆದಾಗ ಬೆಳಕು ನಿಲ್ಲುತ್ತದೆ, ನಾಯ್ಸ್ ಕರಗುತ್ತದೆ. ಚಿತ್ರಗಳ ಸಂಖ್ಯೆ ನಾಲ್ಕು ಪಟ್ಟಾದರೆ ಚಿತ್ರದ ಗುಣ ಎರಡು ಪಟ್ಟು. ಇದು ವರ್ಗಮೂಲದ ಲೆಕ್ಕ. ಈ ಹವ್ಯಾಸದಲ್ಲಿ ನಾನು ಕಲಿತದ್ದರಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಒಳ್ಳೆಯ ಕ್ಯಾಮೆರಾ ಕೊಳ್ಳಬೇಕು ಎಂದು ಚಡಪಡಿಸುವವರಿಗೆ ನಾನು ಹೇಳುವುದು ಒಂದೇ, ಇನ್ನೊಂದು ಗಂಟೆ ಹೊರಗಿರಿ.

ಮೊದಲ ಬಾರಿ ನಿಹಾರಿಕೆಯೊಂದನ್ನು ಫೋಟೊದಲ್ಲಿ ಹಿಡಿದವರು ಅಮೆರಿಕದ ಖಗೋಳವಿಜ್ಞಾನಿ ಹೆನ್ರಿ ಡ್ರೇಪರ್. 1880ರ ಸೆಪ್ಟೆಂಬರ್ 30ರಂದು ಇದೇ ಎಂ42ನ್ನು 11 ಇಂಚಿನ ದೂರದರ್ಶಕದಿಂದ 51 ನಿಮಿಷ ಒಂದೇ ಫಲಕದ ಮೇಲೆ ತೆಗೆದರು. ಅಷ್ಟೂ ಹೊತ್ತು ದೂರದರ್ಶಕ ಆಕಾಶದ ಜೊತೆಗೇ ತಿರುಗಬೇಕಿತ್ತು. ನನ್ನದು ಆರುನೂರು ತುಂಡು ಸೇರಿ ಹತ್ತು ನಿಮಿಷ. ಇದು ತಿಳಿದ ಮೇಲೆಯೇ ಟ್ರ್ಯಾಕರ್ ಕೊಳ್ಳುವ ಮನಸ್ಸಾಯಿತು.

ಟ್ರ್ಯಾಕರ್ ಎಂದರೆ ಭೂಮಿ ತಿರುಗುವ ವೇಗದಲ್ಲೇ ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸುವ ಸಣ್ಣ ಮೋಟಾರು ಯಂತ್ರ. ಅದರ ಅಕ್ಷ ಆಕಾಶದ ಧ್ರುವಕ್ಕೆ ನೇರ ಇರಬೇಕು. ಧ್ರುವ ನಕ್ಷತ್ರವನ್ನು ನಡುವಿಗೆ ತಂದುಬಿಟ್ಟರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅದು ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗೂ ಹೆಚ್ಚು ಪಕ್ಕಕ್ಕಿದೆ. ಟ್ರ್ಯಾಕರಿನ ಅಕ್ಷಕ್ಕೆ ಕೂರಿಸಿದ ಪುಟ್ಟ ದೂರದರ್ಶಕದ, ಅಂದರೆ ಪೋಲಾರ್ ಸ್ಕೋಪಿನ, ಒಳಗಿನ ವೃತ್ತದ ಮೇಲೆ ಆ ಹೊತ್ತಿಗೆ ಅದು ಎಲ್ಲಿರಬೇಕೋ ಅಲ್ಲಿ ಕೂರಿಸಬೇಕು. ಅಷ್ಟು ಮಾಡಿದ ಮೇಲೆ 60 ಸೆಕೆಂಡಿನ ಚಿತ್ರದಲ್ಲೂ ನಕ್ಷತ್ರಗಳು ದುಂಡಗೆ ಬಂದವು.

ಫೋಕಸ್ಸಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅತಿ ಹೆಚ್ಚು ರಾತ್ರಿಗಳು ಹಾಳಾಗುವುದು ಇದರಿಂದಲೇ. ಲೆನ್ಸಿನ ಮೇಲೆ ಬರೆದಿರುವ ಅನಂತದ ಗುರುತನ್ನು ನಂಬಬೇಡಿ. ರಿಗೆಲ್‌ನಂಥ ಪ್ರಕಾಶಮಾನ ನಕ್ಷತ್ರಕ್ಕೆ ಕ್ಯಾಮೆರಾ ತಿರುಗಿಸಿ, ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ, ರಿಂಗನ್ನು ಕೂದಲೆಳೆಯಷ್ಟು ಮಾತ್ರ ತಿರುಗಿಸುತ್ತೇನೆ. ಬೆಳಕಿನ ಉಂಡೆ ಚಿಕ್ಕದಾಗುತ್ತಾ ಹೋಗಿ ಚುಕ್ಕೆಯಾಗುತ್ತದೆ, ಇನ್ನೂ ತಿರುಗಿಸಿದರೆ ಮತ್ತೆ ಊದಿಕೊಳ್ಳುತ್ತದೆ. ಎರಡರ ನಡುವಿನ ಜಾಗ ಬೆರಳಿಗೆ ಸಿಗದಷ್ಟು ಕಿರಿದು. ಬಾಹ್ತಿನೋವ್ ಮಾಸ್ಕ್ ಬಂದ ಮೇಲೆ ಊಹೆಯ ಮಾತಿಲ್ಲ. ಸೀಳುಗಳಿರುವ ಆ ತಟ್ಟೆಯನ್ನು ಲೆನ್ಸಿನ ಮುಂದೆ ಇಟ್ಟರೆ ನಕ್ಷತ್ರಕ್ಕೆ ಮೂರು ಗೆರೆಗಳು ಮೂಡುತ್ತವೆ. ನಡುವಿನ ಗೆರೆ ಉಳಿದೆರಡರ ಸರಿಮಧ್ಯೆ ಬಂದು ನಿಂತರೆ ಫೋಕಸ್ ಆಯಿತು. ಆಮೇಲೆ ರಿಂಗಿಗೆ ಟೇಪು ಸುತ್ತುತ್ತೇನೆ.

ಅಷ್ಟು ಮಾಡಿಯೂ ಒಂದು ರಾತ್ರಿ ಕೈತಪ್ಪಿತು. ಅಮಾವಾಸ್ಯೆಯ ಹಿಂದಿನ ದಿನ, ಮೋಡದ ಸುಳಿವಿಲ್ಲ, ಎಲ್ಲವೂ ಸರಿಯಿತ್ತು. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟು ದೂರ ಕೂತಿದ್ದೆ. ಬೆಳಗ್ಗೆ ನೋಡಿದರೆ ನಲವತ್ತನೇ ಚಿತ್ರದ ನಂತರ ನಕ್ಷತ್ರಗಳಿಗೆ ಮೆಲ್ಲಗೆ ಪ್ರಭೆ ಹುಟ್ಟಿದೆ, ಎಂಬತ್ತರ ಹೊತ್ತಿಗೆ ನಿಹಾರಿಕೆಯೇ ಇಲ್ಲ. ಲೆನ್ಸಿನ ಗಾಜಿನ ಮೇಲೆ ಇಬ್ಬನಿ ಕೂತಿತ್ತು. ಗಾಜು ಆಕಾಶಕ್ಕೆ ಮುಖ ಮಾಡಿ ಶಾಖ ಕಳೆದುಕೊಳ್ಳುತ್ತಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಹಾಗಾಗಿ ಹುಲ್ಲಿಗಿಂತ ಮೊದಲು ಅದೇ ಒದ್ದೆಯಾದರೂ ಆಶ್ಚರ್ಯವಿಲ್ಲ. ಅಂದಿನಿಂದ ಲೆನ್ಸಿಗೆ ಹೀಟರ್ ಪಟ್ಟಿ ಸುತ್ತದೆ ಒಂದು ಚಿತ್ರವನ್ನೂ ತೆಗೆದಿಲ್ಲ. ಅರ್ಧ ಗಂಟೆಗೊಮ್ಮೆ ಹೋಗಿ ಕೊನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ ಬರುತ್ತೇನೆ.

ಈಗಿನ ನನ್ನ ಕ್ರಮ ಹೀಗಿದೆ. 60 ಸೆಕೆಂಡಿನ 120 ಚಿತ್ರ, ಒಟ್ಟು ಎರಡು ಗಂಟೆ. ಕೆಲವು ಚಿತ್ರಕ್ಕೊಮ್ಮೆ ಚೌಕಟ್ಟನ್ನು ಒಂದಿಷ್ಟು ಪಿಕ್ಸೆಲ್ ಸರಿಸುತ್ತೇನೆ, ಇಲ್ಲದಿದ್ದರೆ ಸೆನ್ಸರಿನ ಕಲೆಗಳು ಕೂಡಿಕೊಂಡು ಮಳೆ ಸುರಿದ ಹಾಗೆ ಗೆರೆ ಬೀಳುತ್ತವೆ. ಮುಗಿದ ಮೇಲೆ ಲೆನ್ಸಿಗೆ ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ ಸಮಯ, ಅದೇ ಚಳಿಯಲ್ಲಿ ಡಾರ್ಕ್ ಚಿತ್ರಗಳು, ಸೆನ್ಸರಿನದೇ ಕಲೆಗಳನ್ನು ಆಮೇಲೆ ಕಳೆಯಲು. ಬೆಳಕು ಹರಿಯುವಾಗ ಬಿಳಿ ಬಟ್ಟೆಯನ್ನು ಲೆನ್ಸಿನ ಮೇಲೆ ಬಿಗಿದು ಫ್ಲ್ಯಾಟ್ ಚಿತ್ರಗಳು, ಫೋಕಸ್ ರಿಂಗನ್ನು ಮುಟ್ಟದೆ. ಫ್ಲ್ಯಾಟ್ ಬೇಡವೆಂದು ಬಿಡುವವರು ಬಹಳ ಮಂದಿ, ನಾನೂ ಬಿಟ್ಟಿದ್ದೆ. ಮಸುಕಾದ ಭಾಗಗಳನ್ನು ಮೇಲೆತ್ತಿದ ಕೂಡಲೇ ಮೂಲೆಗಳ ಕತ್ತಲೂ ಸೆನ್ಸರಿನ ಧೂಳಿನ ಉಂಗುರಗಳೂ ಜೊತೆಗೇ ಎದ್ದು ಬರುತ್ತವೆ. ಆಗ ಅಳಿಸಲು ಕೂತರೆ ನಿಹಾರಿಕೆ ಯಾವುದು, ಧೂಳು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಕೂಡಿಸಿದ ಚಿತ್ರ ಸಿರಿಲ್ ಎಂಬ ತಂತ್ರಾಂಶದಲ್ಲಿ ತೆರೆದಾಗ ಕಪ್ಪಾಗಿಯೇ ಇರುತ್ತದೆ. ಮಾಹಿತಿಯೆಲ್ಲ ಹಿಸ್ಟೋಗ್ರಾಮಿನ (ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ನಕ್ಷೆ) ಎಡ ಅಂಚಿನಲ್ಲಿ ಒತ್ತಿಕೊಂಡಿರುತ್ತದೆ. ಮೊದಲು ಹಿನ್ನೆಲೆಯ ಬೆಳಕನ್ನು ಕಳೆದು, ಬಣ್ಣ ಸರಿಪಡಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮೇಲೆಳೆಯುತ್ತೇನೆ. ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ನಿಜವಾಗಿ ಇರುವ ತೆಳು ಧೂಳು ಆ ಕಪ್ಪಿನಲ್ಲಿ ಸತ್ತುಹೋಗುತ್ತದೆ.

ಈ ಬಣ್ಣಗಳು ನಿಜವೇ ಎಂದು ಕೇಳುವವರಿದ್ದಾರೆ. ನಿಜವೇ. ಕೆಂಪು ಹೈಡ್ರೋಜನ್ನಿನದು, 656.3 ನ್ಯಾನೋಮೀಟರ್. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಆದ್ದರಿಂದ ಬೂದು ಕಾಣುತ್ತದೆ. ಮಾಮೂಲಿ ಕ್ಯಾಮೆರಾದ ಒಳಗಿನ ಫಿಲ್ಟರ್ ಕೂಡ ಆ ಕೆಂಪಿನ ಬಹುಪಾಲನ್ನು ತಡೆಯುತ್ತದೆ. ಎಂ42 ಪ್ರಕಾಶಮಾನವಾದ್ದರಿಂದ ನಸುಗೆಂಪಾಗಿಯಾದರೂ ಸಿಗುತ್ತದೆ, ಪಕ್ಕದ ಕುದುರೆತಲೆ ನಿಹಾರಿಕೆಗೆ ಅದೇ ಕ್ಯಾಮೆರಾದಲ್ಲಿ ಹೆಣಗಬೇಕು.

ನನಗೆ ಇನ್ನೂ ಕೈಗೆ ಹತ್ತದಿರುವುದು ನಿಹಾರಿಕೆಯ ನಡುಭಾಗ. ಅಲ್ಲಿ ಟ್ರೆಪೀಸಿಯಂ ಎಂಬ ನಾಲ್ಕು ಎಳೆಯ ನಕ್ಷತ್ರಗಳು ಇಡೀ ಅನಿಲವನ್ನು ಬೆಳಗುತ್ತಿವೆ. 60 ಸೆಕೆಂಡಿನಲ್ಲಿ ಆ ಜಾಗ ಬರೀ ಬಿಳಿ. ಅದಕ್ಕಾಗಿ 5 ಸೆಕೆಂಡಿನ ಮೂವತ್ತು ಚಿತ್ರ ಬೇರೆ ತೆಗೆದು, ಕಂಪ್ಯೂಟರಿನಲ್ಲಿ ನಡುಭಾಗವನ್ನಷ್ಟೇ ಆರಿಸುವ ಮಾಸ್ಕ್ ಹಾಕಿ ಬೆರೆಸುತ್ತೇನೆ. ಎರಡೂ ಸೇರುವ ಕಡೆ ಒಂದು ಬೂದು ಅಂಚು ಉಳಿಯುತ್ತಿದೆ. ಮುಂದಿನ ಅಮಾವಾಸ್ಯೆಗೆ 20 ಸೆಕೆಂಡಿನದೂ ಒಂದು ಕಂತೆ ತೆಗೆದು ನಡುವೆ ಸೇರಿಸಿ ನೋಡಬೇಕು.