ಬೆಳವಣಿಗೆ ಚೆನ್ನಾಗಿದೆ, ಅಮೈಲೇಸ್ ಮಾತ್ರ ಇಲ್ಲ

ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಫ್ಲಾಸ್ಕ್‌ನಲ್ಲಿ ದಟ್ಟವಾಗಿ ಬೆಳೆಯುತ್ತಿತ್ತು. 24 ಗಂಟೆಯಾದರೂ ಅಮೈಲೇಸ್ (ಪಿಷ್ಟ ಒಡೆಯುವ ಕಿಣ್ವ) ಅಷ್ಟಕ್ಕಷ್ಟೇ, ಪಿಎಚ್ ಬೇರೆ 7ರಿಂದ 5.5ಕ್ಕೆ ಕುಸಿದಿರುತ್ತಿತ್ತು.

ಇನಾಕ್ಯುಲಮ್ (ಬೆಳೆಸಲು ಹಾಕುವ ಬೀಜ ಬ್ಯಾಕ್ಟೀರಿಯಾ, ಅಂದರೆ ಸೀಡ್) ಶೇ. 2ರಿಂದ 10ಕ್ಕೆ ಏರಿಸಿದೆ, 48 ಗಂಟೆ ಬಿಟ್ಟೆ, ಯೀಸ್ಟ್ ಎಕ್ಸ್‌ಟ್ರಾಕ್ಟ್ ಇಮ್ಮಡಿ ಮಾಡಿದೆ. ಜೀವಕೋಶ ಹೆಚ್ಚಿದವು, ಕಿಣ್ವ ಹೆಚ್ಚಲಿಲ್ಲ.

ತಪ್ಪಿದ್ದದ್ದು ಮಾಧ್ಯಮಕ್ಕೆ ಹಾಕಿದ್ದ ಶೇ. 2 ಗ್ಲೂಕೋಸ್‌ನಲ್ಲಿ. ಸಿದ್ಧ ಸಕ್ಕರೆ ಸಿಗುತ್ತಿರುವಷ್ಟು ಹೊತ್ತು ಬ್ಯಾಕ್ಟೀರಿಯಾ ಅಮೈಲೇಸ್ ಜೀನನ್ನು ಅದುಮಿಡುತ್ತದೆ. ಮಿಕ್ಕ ಸಕ್ಕರೆ ಅಸಿಟೇಟ್ ಆಗಿ ಪಿಎಚ್ ಇಳಿಸುತ್ತದೆ.

ಗ್ಲೂಕೋಸ್ ಪೂರ್ತಿ ತೆಗೆದೆ. ಲೀಟರಿಗೆ ಕರಗುವ ಪಿಷ್ಟ 10 ಗ್ರಾಂ, ಪೆಪ್ಟೋನ್ 10, ಯೀಸ್ಟ್ ಎಕ್ಸ್‌ಟ್ರಾಕ್ಟ್ 5, ಡೈಪೊಟ್ಯಾಷಿಯಂ ಫಾಸ್ಫೇಟ್ 3, ಮೆಗ್ನೀಷಿಯಂ ಸಲ್ಫೇಟ್ 0.5, ಪಿಎಚ್ 7. ಪಿಷ್ಟವನ್ನು ಮೊದಲು ತಣ್ಣೀರಲ್ಲಿ ಕಲಸಿ ಆಮೇಲೆ ಕುದಿನೀರಿಗೆ ಹಾಕಬೇಕು, ಇಲ್ಲದಿದ್ದರೆ ಗಂಟು. 121 ಡಿಗ್ರಿ, 15 ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ನಾಶ). ಕ್ಯಾಲ್ಸಿಯಂ ಕ್ಲೋರೈಡ್ 0.2 ಗ್ರಾಂ ಕಿಣ್ವ ಗಟ್ಟಿಯಾಗಿ ನಿಲ್ಲಲು ಬೇಕು, ಆದರೆ ಬೇರೆಯಾಗಿ ಆಟೋಕ್ಲೇವ್ ಮಾಡಿ ಆರಿದ ಮೇಲೆ ಸೇರಿಸಿ. ಒಟ್ಟಿಗೆ ಕಾಯಿಸಿದರೆ ಫಾಸ್ಫೇಟ್ ಜೊತೆ ಬಿಳಿ ಗಸಿ ತಳ ಸೇರುತ್ತದೆ. ಸೀಡ್ ಕೂಡ ಪಿಷ್ಟದ ಮಾಧ್ಯಮದಲ್ಲೇ ಬೆಳೆಸಿ, ಶೇ. 2 ಸಾಕು.

250 ಮಿಲಿ ಫ್ಲಾಸ್ಕ್‌ಗೆ 50 ಮಿಲಿ ಮಾತ್ರ, 180 ಆರ್‌ಪಿಎಂ, 37 ಡಿಗ್ರಿ. ಪುಣೆಯ ಏಪ್ರಿಲ್-ಮೇನಲ್ಲಿ ಕೂಲಿಂಗ್ ಇಲ್ಲದ ಶೇಕರ್ 37ರಲ್ಲಿ ನಿಲ್ಲುವುದಿಲ್ಲ. ನೀರಿನ ಫ್ಲಾಸ್ಕ್‌ನಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ಡಿಸ್‌ಪ್ಲೇ ನಂಬಬೇಡಿ.

6 ಗಂಟೆಗೊಮ್ಮೆ ಸ್ಯಾಂಪಲ್ ತೆಗೆದು, ಚಟುವಟಿಕೆ ಇಳಿಯತೊಡಗಿದರೆ ನಿಲ್ಲಿಸಿ. ಬ್ಯಾಕ್ಟೀರಿಯಾದ್ದೇ ಪ್ರೋಟಿಯೇಸ್ (ಪ್ರೋಟೀನ್ ಒಡೆಯುವ ಕಿಣ್ವ) ಅಮೈಲೇಸನ್ನು ತಿನ್ನುತ್ತದೆ. ಅಮೈಲೇಸ್ ಅಳೆಯುವುದು ಪಿಷ್ಟದಿಂದ ಬಂದ ಸಕ್ಕರೆ ನೋಡಿ, ಡಿಎನ್‌ಎಸ್ ಎಂಬ ರಾಸಾಯನಿಕದಿಂದ. ಅದರ ಬ್ಲ್ಯಾಂಕ್‌ಗೆ (ಹೋಲಿಕೆಯ ಟ್ಯೂಬ್) ಮೊದಲು ಡಿಎನ್‌ಎಸ್, ನಂತರ ಸ್ಯಾಂಪಲ್. ಮಾಧ್ಯಮದಲ್ಲಿರುವ ಸಕ್ಕರೆ ಕಳೆಯದಿದ್ದರೆ ಇಲ್ಲದ ಕಿಣ್ವವೂ ಕಾಣಿಸುತ್ತದೆ.