ಮ್ಯಾನುಯಲ್ ಕಾರು ಬಿಟ್ಟು ಆಟೋಮ್ಯಾಟಿಕ್ ಹಿಡಿಯುವವರಿಗೆ

ಮೊದಲು ಎಡಗಾಲಿಗೆ ರಜೆ ಕೊಡಿ. ಕ್ಲಚ್ ಅಂದುಕೊಂಡು ಬ್ರೇಕ್ ತುಳಿದರೆ ಗಾಡಿ ಗಕ್ಕನೆ ನಿಲ್ಲುತ್ತದೆ. ಎರಡೂ ಪೆಡಲ್‌ಗೆ ಬಲಗಾಲೊಂದೇ ಸಾಕು.

ಗೇರ್ ಲಿವರನ್ನು 'ಡಿ'ಗೆ (ಡ್ರೈವ್) ಹಾಕಿ ಬ್ರೇಕ್ ಬಿಟ್ಟರೆ ಗಾಡಿ ತಾನಾಗಿ ಮೆಲ್ಲಗೆ ಮುಂದೆ ಹೋಗುತ್ತದೆ. ಟ್ರಾಫಿಕ್‌ನಲ್ಲಿ ಇದೇ ಸುಖ.

ಎಎಂಟಿ (ಆಟೋಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಷನ್) ಗಾಡಿ ಸ್ವಲ್ಪ ಬೇರೆ. ಒಳಗಿರುವುದು ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಅದಕ್ಕೇ ಗೇರ್ ಬದಲಾಗುವಾಗ ಒಮ್ಮೆ ತಲೆ ಮುಂದಕ್ಕೆ ವಾಲುತ್ತದೆ. ಆ ಕ್ಷಣಕ್ಕೆ ಆಕ್ಸಿಲರೇಟರ್ ಚೂರು ಸಡಿಲಿಸಿ, ಜರ್ಕ್ ಕಡಿಮೆಯಾಗುತ್ತದೆ. ಏರಿನಲ್ಲಿ ನಿಂತರೆ ಹಿಂದಕ್ಕೆ ಜಾರಬಹುದು, ಹ್ಯಾಂಡ್‌ಬ್ರೇಕ್ ಬಳಸಿ.

ಉದ್ದದ ಇಳಿಜಾರಿನಲ್ಲಿ ಸುಮ್ನೆ ಬ್ರೇಕ್ ಒತ್ತುತ್ತಲೇ ಇಳಿಯಬೇಡಿ, ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಮ್ಯಾನುಯಲ್ ಮೋಡ್‌ನಲ್ಲಿ ಕೆಳಗಿನ ಗೇರ್‌ಗೆ ಅಥವಾ 'ಎಲ್'ಗೆ (ಲೋ) ಹಾಕಿದರೆ ಇಂಜಿನ್ನೇ ವೇಗವನ್ನು ಹಿಡಿದಿಡುತ್ತದೆ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡುವುದಂತೂ ಬೇಡವೇ ಬೇಡ.